ಎರಡು ತವರಿನ ಸೌತೆ

ಪುಟ್ಟಿ, ಚಿನ್ನು,

ಕಳೆದ ರಜದಲ್ಲಿ ನೀವಿಬ್ಬರೂ ಬಂದಿದ್ದಾಗ ಪುಟ್ಟಿ ಜಗಲಿಯ ಮೇಲೆ ಪುಸ್ತಕ ಹರಡಿಕೊಂಡು ಪರೀಕ್ಷೆಗೆ ಓದುತ್ತಿದ್ದಳು. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಹಾಳೆಯ ತುಂಬ ಸಣ್ಣ ಸಣ್ಣ ಸುತ್ತುಗಳು, ಒಂದರಿಂದ ಇನ್ನೊಂದಕ್ಕೆ ಬಾಣದ ಗುರುತು. ಅದೇನೆಂದು ಕೇಳಿದೆ.

“ಜೀನ್‌ಗಳ ಜಾಲ ಅಜ್ಜಿ. ಯಾವ ಜೀನ್ ಯಾವುದನ್ನ ಕೆಲಸಕ್ಕೆ ಹಚ್ಚುತ್ತೆ ಅಂತ. ಒಳಗೆ ಇಣುಕಿ ನೋಡೋಕಾಗಲ್ವಲ್ಲ, ಅದಕ್ಕೆ ಒಂದು ಜೀನ್ ಕೆಟ್ಟಿರೋ ಗಿಡ, ಇನ್ನೊಂದು ಜೀನ್ ಕೆಟ್ಟಿರೋ ಗಿಡ, ಎರಡನ್ನೂ ಕೂಡಿಸ್ತಾರೆ. ಎರಡೂ ಕೆಟ್ಟಿರೋದು ಒಂದೇ ಗಿಡದಲ್ಲಿ ಬಂದಾಗ ಏನಾಗುತ್ತೆ ಅಂತ ನೋಡಿ, ಯಾವುದರ ಕೆಲಸ ಮೊದಲು, ಯಾವುದರದ್ದು ಆಮೇಲೆ ಅಂತ ಊಹೆ ಮಾಡ್ತಾರೆ.” ಇಷ್ಟು ಹೇಳಿ ಪುಟ್ಟಿ ನನ್ನ ಮುಖ ನೋಡಿ ನಕ್ಕಳು. “ನಿನಗ್ಯಾಕೆ ಈ ತಲೆನೋವು, ಬಿಡು ಅಜ್ಜಿ.”

ಪ್ರೀತಿಯಿಂದಲೇ ಅಂದೆ ಕಂದ, ನನಗೆ ಗೊತ್ತು. ಆದರೂ ನನಗೆ ಸಿಟ್ಟು ಬಂತು. ನಿನ್ನ ಮೇಲಲ್ಲ. ನಲವತ್ತು ವರ್ಷದಿಂದ ನುಂಗಿಕೊಂಡಿದ್ದ ಸಿಟ್ಟು ಅದು. ನಿನ್ನ ಪುಸ್ತಕದ ಆ ಬಾಣವನ್ನು ನಾನು ಸೌತೆಬಳ್ಳಿಯ ನಡುವೆ ಕುಕ್ಕರಗಾಲಿನಲ್ಲಿ ಕೂತು, ಎಲೆ ಜಗಿದು ಜಗಿದು ಕಂಡುಕೊಂಡಿದ್ದೆ. ಜೀನ್ ಎಂಬ ಮಾತು ನನಗೆ ಗೊತ್ತಿರಲಿಲ್ಲ. ಹಾಗೆ ಕಂಡುಕೊಂಡದ್ದಕ್ಕೆ ನನಗೆ ಸಿಕ್ಕಿದ್ದು ಮಾಟಗಾತಿ ಎಂಬ ಹೆಸರು.

ಎದುರಿಗೆ ಕೂತು ಹೇಳೋಣವೆಂದರೆ ನನಗೆ ಮಾತು ಬರುವುದಿಲ್ಲ. ನಾಲ್ಕು ಜನ ನನ್ನ ಕಡೆ ತಿರುಗಿದರೆ ಸಾಕು, ಎದ್ದು ಅಡುಗೆಮನೆ ಸೇರುತ್ತೇನೆ. ನಿಮ್ಮ ತಾತ ಇದ್ದಿದ್ದರೆ ಅವರೇ ಹೇಳುತ್ತಿದ್ದರು, ನಗಿಸಿ ನಗಿಸಿ ಹೇಳುತ್ತಿದ್ದರು. ಈಗ ಅವರಿಲ್ಲ. ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆ, ಅಷ್ಟರಲ್ಲೇ ಬರೆಯುತ್ತೇನೆ.

ನನ್ನ ತವರು ಹೆಗ್ಗಡದೇವನಕೋಟೆ ತಾಲ್ಲೂಕು, ಸರಗೂರಿನ ಹತ್ತಿರ. ಐವತ್ತರ ದಶಕ ಅರ್ಧ ಕಳೆದಿತ್ತು. ನನಗೆ ಹದಿನೇಳು ತುಂಬಿದಾಗ ಹುಣಸೂರಿನ ಪಕ್ಕದ ಈ ಮನೆಗೆ ಸೊಸೆಯಾಗಿ ಬಂದೆ. ಅವ್ವ ಮಡಿಲು ತುಂಬಿದ ಅಕ್ಕಿಯ ಜೊತೆ ಒಂದು ಬಟ್ಟೆಯ ಗಂಟಿನಲ್ಲಿ ಸೌತೆಬೀಜ ಕಟ್ಟಿ ಕೊಟ್ಟಿದ್ದಳು. “ಇತ್ತಲಲ್ಲಿ ಹಾಕ್ಕೊ. ನಮ್ ಕಾಯಿ ತಿಂದಾಗ ನಮ್ ನೆಪ್ಪಾಯ್ತದೆ,” ಎಂದಿದ್ದಳು.

ಈ ಮನೆಯಲ್ಲಿ ಆಗಲೇ ಒಂದು ಸೌತೆ ಇತ್ತು. ನನ್ನ ಅತ್ತೆಯ ತವರು ಕೃಷ್ಣರಾಜನಗರದ ನಾಲೆಯ ಕಡೆ. ಅವರೂ ಮದುವೆಯಾಗಿ ಬರುವಾಗ ಬೀಜ ತಂದಿದ್ದರಂತೆ. ಪ್ರತಿ ವರ್ಷ ಬಳ್ಳಿಯಲ್ಲೇ ಎರಡು ಕಾಯಿ ಹಣ್ಣಾಗಲು ಬಿಟ್ಟು, ಬೀಜ ತೆಗೆದು ಬೂದಿಯಲ್ಲಿ ಹೊರಳಿಸಿ, ಸಗಣಿ ಬಿಲ್ಲೆಗೆ ಒತ್ತಿ ಅಡುಗೆಮನೆಯ ಗೋಡೆಗೆ ತಟ್ಟುತ್ತಿದ್ದರು. ಮೂವತ್ತು ವರ್ಷ ಹೀಗೆ ಕಾಪಾಡಿದ ಬೀಜ. ಅದರ ಬಗ್ಗೆ ಅವರಿಗಿದ್ದ ಹೆಮ್ಮೆ ತಮ್ಮ ಮಗನ ಬಗ್ಗೆಯೂ ಇರಲಿಲ್ಲ.

ಮೊದಲ ಮಳೆಗಾಲ ಅವರ ಗುಂಡಿಗಳ ಪಕ್ಕದಲ್ಲೇ ನನ್ನ ಬೀಜಕ್ಕೂ ಆರು ಗುಂಡಿ ಕೊಟ್ಟರು. ಅವರ ಕಾಯಿಯೂ ಚೆನ್ನಾಗಿತ್ತು, ನನ್ನದೂ ಚೆನ್ನಾಗಿತ್ತು. ಒಂದೇ ಒಂದು ವ್ಯತ್ಯಾಸ ಕಂಡಿತ್ತು. ನನ್ನ ಬಳ್ಳಿಯ ಎಲೆಗಳ ಮೇಲೆ ಕೆಂಪು ಹುಳ ಕೂತು ಎಲೆಯನ್ನೆಲ್ಲ ಜರಡಿ ಮಾಡುತ್ತಿತ್ತು. ತವರಿನಲ್ಲಿ ಅದು ಮಾಮೂಲು, ಒಲೆಯ ಬೂದಿ ಎರಚುತ್ತಿದ್ದೆವು. ಅತ್ತೆಯ ಬಳ್ಳಿಗೆ ಆ ಹುಳ ಹಾಯುತ್ತಲೇ ಇರಲಿಲ್ಲ. “ನಮ್ ಬಳ್ಳಿ ಅಂದ್ರೆ ಉಳೂಗೂ ಬಯ ಕಣಮ್ಮಿ,” ಎಂದು ಅತ್ತೆ ನಕ್ಕಿದ್ದರು. ವರ್ಷದ ಕೊನೆಗೆ ಎರಡರ ಬೀಜವನ್ನೂ ಒಂದೇ ಬಿಲ್ಲೆಗೆ ಒತ್ತಿದರು. ಸೌತೆ ಎಲ್ಲ ಒಂದೇ ತಾನೆ ಎಂದು ನಾನೂ ಸುಮ್ಮನಿದ್ದೆ.

ಎರಡನೆಯ ವರ್ಷ ಆ ಬೀಜ ಬಿತ್ತಿದೆವು. ಬಳ್ಳಿ ಮೊದಲ ಕಾಯಿ ಬಿಡುವ ಹೊತ್ತಿಗೆ ಸರಿಯಾಗಿ ಪಿರಿಯಾಪಟ್ಟಣದಿಂದ ಅತ್ತೆಯ ತಂಗಿ ಬಂದರು. ಅವರನ್ನು ನಾನು ಚಿಕ್ಕತ್ತೆ ಎನ್ನುತ್ತಿದ್ದೆ. ನನ್ನ ಮದುವೆಯಲ್ಲಿ ನನ್ನ ತಂಗಿಯನ್ನು ಅವರು ನೋಡಿ ಮೆಚ್ಚಿದ್ದರು. ತಮ್ಮ ಮಗನಿಗೆ ತರಬೇಕೆಂದು ಮಾತು ಎತ್ತಿದ್ದೂ ಅವರೇ. ನನ್ನ ಅಪ್ಪ ಒಪ್ಪಿಯಾಗಿತ್ತು, ಸರಗೂರಿನ ಸಂತೆಯಲ್ಲೆಲ್ಲ ಸುದ್ದಿ ಹರಡಿತ್ತು. ಒಪ್ಪಿ ಆಮೇಲೆ ಬಿಟ್ಟರೆ, ನೋಡಿ ಬಿಟ್ಟ ಹೆಣ್ಣು ಎಂದಾಗಿ ಬೇರೆ ಯಾರೂ ಬಾಗಿಲಿಗೆ ಬರುವುದಿಲ್ಲ. ಆ ದಿನ ಚಿಕ್ಕತ್ತೆ ಬಂದದ್ದು ತಾಂಬೂಲದ ದಿನ ಗೊತ್ತು ಮಾಡಲು.

ಹೊಸ ಕಾಯಿ ಕೊಯ್ದು ಹೆಸರುಬೇಳೆ ಹಾಕಿ ಕೋಸಂಬರಿ ಮಾಡಿದೆ. ಬಂದವರಿಗೆ ಬಡಿಸುವ ಮುಂಚೆ ಅಡುಗೆಯನ್ನು ನಾಲಿಗೆಗೆ ಮುಟ್ಟಿಸಿದರೆ ಎಂಜಲು. ಹಾಗಾಗಿ ನಾನು ರುಚಿ ನೋಡಲಿಲ್ಲ. ತೊಟ್ಟಿನ ತುದಿ ಕತ್ತರಿಸಿ ಉಜ್ಜಿ ನೊರೆ ತೆಗೆದಿದ್ದೆ, ಅಷ್ಟು ಸಾಕು ಎಂದುಕೊಂಡೆ.

ಚಿಕ್ಕತ್ತೆ ಒಂದು ತುತ್ತು ಬಾಯಿಗಿಟ್ಟವರು ಎದ್ದು ಬಚ್ಚಲಿಗೆ ಓಡಿದರು.

“ಥೂ! ಅಕ್ಕ, ಏನೇ ಇದು, ಸೌತೆಕಾಯೋ ಬೇವಿನ್‌ಕಾಯೋ?”

ಅತ್ತೆ ಬಾಯಿಗೆ ಹಾಕಿಕೊಂಡು ಮುಖ ಹಿಂಡಿದರು. ನಿಮ್ಮ ತಾತ ಮಾತ್ರ ಎಲೆಯಲ್ಲಿದ್ದದ್ದನ್ನು ಮಜ್ಜಿಗೆ ಕುಡಿದು ಕುಡಿದು ನುಂಗಿದರು, ಪಾಪ.

“ನಮ್ ತವರಿನ್ ಬೀಜ ಕಣೆ ಇದು. ಮೂವತ್ ವರ್ಸದಿಂದ ನಿನ್ ಮನೇಲಿ ತಿಂದಿವ್ನಿ. ಯಾವತ್ತಾದ್ರೂ ಇಂಗಾಗಿತ್ತಾ?” ಎಂದು ಚಿಕ್ಕತ್ತೆ ಕೇಳಿದರು.

“ಇವಳು ಬರೋಗಂಟ ಆಗಿರ್ಲಿಲ್ಲ,” ಎಂದರು ಅತ್ತೆ.

ನಾನು ಅಲ್ಲೇ ನಿಂತಿದ್ದೆ. ಕೈಯಲ್ಲಿ ಅನ್ನದ ತಪ್ಪಲೆ.

“ಒಬ್ಬಳ್ ಕೈಗುಣಕ್ಕೇ ಇಷ್ಟಾದ್ರೆ, ಅವಳ್ ತಂಗೀನೂ ನಮ್ಮನೇಗ್ ತಂದ್ಕಂಡು ನಾವೇನ್ ಮಣ್ ತಿನ್ನಾದಾ?”

“ಚಿಕ್ಕವ್ವ, ಸೌತೆಕಾಯ್ಗೂ ಮದ್ವೇಗೂ ಏನವ್ವ ಸಂಬಂದ?” ಎಂದರು ನಿಮ್ಮ ತಾತ.

“ನಿಂಗೇನ್ ಗೊತ್ತಾಯ್ತದೆ ಸುಮ್ಕಿರ್ಲಾ. ಬರೋ ಮಳೆಗಾಲದ್ ಬಳ್ಳಿ ನೋಡಾನ. ಕಹಿ ಓಗಿದ್ರೆ ತಾಂಬೂಲ. ಇಲ್ದಿದ್ರೆ ನಾವ್ ಬೇರೆ ಕಡೆ ನೋಡ್ಕತೀವಿ.”

ನನ್ನ ತಂಗಿಯ ಬದುಕನ್ನು ಸೌತೆಬಳ್ಳಿಗೆ ಕಟ್ಟಿ ಅವರು ಎದ್ದು ಹೋದರು. ಅವರು ಹೋದ ಮೇಲೆ ಅತ್ತೆ ನನ್ನನ್ನು ಕೊಟ್ಟಿಗೆಯ ಮೂಲೆಗೆ ಕರೆದರು.

“ನಿಜ ಯೋಳಮ್ಮಿ. ಒರಗಾಗಿದ್ದಾಗ ಬಳ್ಳಿ ತಾವ್ಕೆ ಓಗಿದ್ಯಾ?”

ಇಲ್ಲ ಎಂದೆ. ನಂಬಲಿಲ್ಲ. ನಂಬಿಸುವ ಬಾಯಿ ನನಗಿರಲಿಲ್ಲ. ಹಣೆಗೆ ವಿಭೂತಿ ಇಟ್ಟ ಮೇಲೆ ಮೈಲಿಗೆ ಎಂಬುದಿಲ್ಲ ಎಂದು ದಿನಬೆಳಗಾದರೆ ಹೇಳುವ ಮನೆ ಇದು. ಹೊರಗಾದ ಮೂರು ದಿನವೂ ನಾನು ರಾಗಿ ಬೀಸಿದ್ದೇನೆ, ಕೊಟ್ಟಿಗೆ ಬಳಿದಿದ್ದೇನೆ, ಬಾವಿಯಿಂದ ಕೊಡ ಕೊಡ ನೀರು ಹೊತ್ತಿದ್ದೇನೆ. ಆ ರಾಗಿಯ ಮುದ್ದೆ ಯಾರ ಬಾಯಲ್ಲೂ ಕಹಿಯಾಗಲಿಲ್ಲ. ಕೆಲಸ ಮಾಡುವಾಗ ಇಲ್ಲದ ಮೈಲಿಗೆ ತಪ್ಪು ಹೊರಿಸಬೇಕಾದಾಗ ಎಲ್ಲಿಂದ ಬಂತು? ಇವತ್ತಿಗೂ ಕೇಳುತ್ತೇನೆ. ಕೇಳಿಸಿಕೊಳ್ಳುವವರು ಯಾರೂ ಉಳಿದಿಲ್ಲ.

ಅಂದಿನಿಂದ ಬಳ್ಳಿಯ ಹತ್ತಿರ ನಾನು ಸುಳಿಯಕೂಡದು, ಬೀಜದ ಬಿಲ್ಲೆ ಮುಟ್ಟಕೂಡದು ಎಂದಾಯಿತು. ಕಹಿಕಾಯಿಗಳನ್ನು ಕಿತ್ತು ತಿಪ್ಪೆಗೆ ಎಸೆದರು. ನಾನು ದೂರದಿಂದಲೇ ನೋಡುತ್ತಿದ್ದೆ. ಎಲ್ಲ ಬಳ್ಳಿಯೂ ಕಹಿಯಾಗಿರಲಿಲ್ಲ. ಒಂದೇ ಕೈ ಬಿತ್ತಿದ್ದು, ಒಂದೇ ಬಾವಿಯ ನೀರು. ನನ್ನ ಕೈಗುಣವಾದರೆ ಎಲ್ಲವೂ ಕಹಿಯಾಗಬೇಕಿತ್ತಲ್ಲ? ಕಹಿಕಾಯಿ ಬಿಟ್ಟ ಪ್ರತಿ ಬಳ್ಳಿಯ ಮೇಲೂ ಕೆಂಪು ಹುಳ ಇತ್ತು. ಇದನ್ನೂ ನೋಡಿಟ್ಟುಕೊಂಡೆ, ಏನೆಂದು ಗೊತ್ತಾಗಲಿಲ್ಲ.

ಆಗಷ್ಟೇ ನನಗೆ ಬಸಿರು ನಿಂತಿತ್ತು. ಏಳು ತುಂಬಿದ ಮೇಲೆ ಅಪ್ಪ ಬಂದು ಹೆರಿಗೆಗೆ ತವರಿಗೆ ಕರೆದೊಯ್ದರು. ಎಸೆದ ಕಹಿಕಾಯಿಗಳಲ್ಲಿ ಬಲಿತು ಹಣ್ಣಾಗಿದ್ದ ಒಂದರ ಬೀಜವನ್ನು ಆಗಲೇ ತಿಪ್ಪೆಯಿಂದ ಕೆದಕಿ ಒಣಗಿಸಿಟ್ಟಿದ್ದೆ, ಹೊರಡುವಾಗ ಸೆರಗಿಗೆ ಕಟ್ಟಿಕೊಂಡೆ. ಕದ್ದೆ ಎನ್ನಿ ಬೇಕಾದರೆ. ತಿಪ್ಪೆಯ ಮಾಲು.

ತವರಿನಲ್ಲಿ ಅವ್ವ ಬೈದಳು. “ನಿನ್ ಮಾನ ತೆಗೆದ್ ಬೀಜಾನ ಇಲ್ಲೂ ಹಾಕ್ತೀಯಾ?” ಆದರೂ ಕೊಟ್ಟಿಗೆಯ ಹಿಂದೆ ಜಾಗ ಕೊಟ್ಟಳು. ಬೇಸಗೆ ಕಾಲ, ತಂಗಿ ಕೊಡದಲ್ಲಿ ನೀರು ತಂದು ಹೊಯ್ದಳು. ಇಪ್ಪತ್ತಕ್ಕೂ ಹೆಚ್ಚು ಬಳ್ಳಿ ಎದ್ದವು. ಬಳ್ಳಿ ಹರಡುತ್ತಿದ್ದಂತೆ ಕೆಂಪು ಹುಳ ಬಂತು. ಆದರೆ ಎಲ್ಲದರ ಮೇಲೂ ಅಲ್ಲ. ಏಳೆಂಟು ಬಳ್ಳಿಗಳನ್ನು ಮಾತ್ರ ಬಿಟ್ಟು ಮಿಕ್ಕವುಗಳ ಮೇಲೆ ಕೂರುತ್ತಿತ್ತು. ಅಕ್ಕಪಕ್ಕದ ಬಳ್ಳಿ, ಎಲೆಗೆ ಎಲೆ ತಾಗುತ್ತಿದ್ದರೂ ಒಂದು ಬೇಕು, ಒಂದು ಬೇಡ. ಹುಳಕ್ಕೆ ಗೊತ್ತಾಗುವ ಅಂಥದ್ದೇನಿದೆ ಎಂದು ಎಲೆ ಕಿತ್ತು ಜಗಿದೆ. ಹುಳ ಕೂತ ಬಳ್ಳಿಯ ಎಲೆ ಕಹಿ. ಹುಳ ಬಿಟ್ಟ ಬಳ್ಳಿಯದು ಸಪ್ಪೆ, ಹುಲ್ಲು ಜಗಿದ ಹಾಗೆ.

ತಂಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಕ್ಕ, ಬಸುರಿ ಎಂಗುಸ್ರು ಮಾವಿನ್‌ಕಾಯಿ ಕೇಳ್ತಾರೆ, ಉಣಸೇಕಾಯಿ ಕೇಳ್ತಾರೆ. ನೀನೇನೆ ಆಡಿನಂಗೆ ಎಲೆ ಮೇಯ್ತಿದ್ದೀಯ?”

“ಬಾಯ್ ಮುಚ್ಕೊಂಡ್ ನೀನೂ ಮೇಯಿ. ನಿನ್ ಮದ್ವೆ ಇದ್ರಲ್ಲೈತೆ.”

ಅವಳಿಗೆ ನಗು ನಿಂತಿತು. ಅವಳೂ ಜಗಿದಳು. ಉಗುಳುತ್ತಾ, ಬಾಯಿ ತೊಳೆಯುತ್ತಾ ಇಬ್ಬರೂ ಎಲ್ಲ ಬಳ್ಳಿಯನ್ನೂ ರುಚಿ ನೋಡಿದೆವು. ಎಲೆ ಕಹಿಯಿದ್ದ ಬಳ್ಳಿಯ ಕೋಲಿಗೆ ಇದ್ದಿಲಿನಿಂದ ಗೀಟು ಎಳೆದೆವು. ಆಮೇಲೆ ನನಗೆ ಹೆರಿಗೆಯಾಯಿತು, ನಿಮ್ಮ ದೊಡ್ಡತ್ತೆ ಹುಟ್ಟಿದಳು. ಬಾಣಂತಿಯನ್ನು ಹಿತ್ತಿಲಿಗೆ ಬಿಡುವುದಿಲ್ಲವಲ್ಲ, ಕಾಯಿ ಬಂದಾಗ ತಂಗಿಯೇ ಪ್ರತಿ ಬಳ್ಳಿಯದನ್ನೂ ಕೊಯ್ದು ರುಚಿ ನೋಡಿ ಕೋಣೆಯ ಕಿಟಕಿಗೆ ಬಂದು ಹೇಳುತ್ತಿದ್ದಳು. ಕಾಯಿ ಕಹಿಯಾದದ್ದಕ್ಕೆ ಎರಡನೆಯ ಗೀಟು.

ತಂಗಿ ಹೇಳಿದ ಗೀಟುಗಳ ಲೆಕ್ಕ ಹಿಡಿದು ಮಲಗಿದಲ್ಲೇ ಯೋಚಿಸಿದೆ. ಮೂರು ಬಗೆಯ ಬಳ್ಳಿ ಇದ್ದವು. ಹೆಚ್ಚಿನವು ಎಲೆಯೂ ಕಹಿ, ಕಾಯಿಯೂ ಕಹಿ. ಕೆಲವು ಎಲೆ ಕಹಿ, ಕಾಯಿ ಸಿಹಿ. ಅಂದರೆ ನಮ್ಮ ಸರಗೂರಿನ ಸೌತೆಯ ಹಾಗೇ. ಅವ್ವನ ಬಳ್ಳಿಯ ಎಲೆಯನ್ನೂ ತಂಗಿಯ ಕೈಲಿ ತರಿಸಿ ಜಗಿದು ನೋಡಿದ್ದೆ, ಕಹಿಯೇ. ಇನ್ನು ಕೆಲವು ಎಲೆ ಸಪ್ಪೆ, ಕಾಯಿ ಸಿಹಿ. ಹುಳ ಮುಟ್ಟದ ಅತ್ತೆಯ ಸೌತೆ ಅದು. ನಾಲ್ಕನೆಯ ಬಗೆ, ಎಲೆ ಸಪ್ಪೆಯಾಗಿ ಕಾಯಿ ಕಹಿಯಾದದ್ದು, ಒಂದೂ ಇರಲಿಲ್ಲ. ತಂಗಿಯನ್ನು ಮತ್ತೆ ಮತ್ತೆ ಕಳಿಸಿದೆ. ಒಂದೂ ಇಲ್ಲ.

ಎಲೆಯದು ಬೇರೆ, ಕಾಯಿಯದು ಬೇರೆ ಎಂದಿದ್ದರೆ ಅದೂ ಒಂದೆರಡಾದರೂ ಇರಬೇಕಿತ್ತು. ಇಲ್ಲವೆಂದರೆ ಕಾಯಿಗೆ ಕಹಿ ಬರುವುದು ಎಲೆಯಲ್ಲಿ ಇದ್ದರೆ ಮಾತ್ರ. ನನಗೆ ಅಡುಗೆಮನೆ ಬಿಟ್ಟರೆ ಬೇರೆ ಲೋಕ ಗೊತ್ತಿರಲಿಲ್ಲ, ಅದರಲ್ಲೇ ಲೆಕ್ಕ ಹಾಕಿದೆ. ಬಳ್ಳಿಯೊಳಗೆ ಕಹಿಯನ್ನು ಅರೆಯುವವಳು ಒಬ್ಬಳು, ಅರೆದದ್ದನ್ನು ಕಾಯಿಗೆ ಬಡಿಸುವವಳು ಇನ್ನೊಬ್ಬಳು. ನಮ್ಮ ಸರಗೂರಿನ ಬಳ್ಳಿಯಲ್ಲಿ ಅರೆಯುವವಳು ಇದ್ದಾಳೆ, ಬಡಿಸುವವಳು ಇಲ್ಲ. ಕಹಿ ಎಲೆಯಲ್ಲೇ ನಿಲ್ಲುತ್ತದೆ. ಅತ್ತೆಯ ಬಳ್ಳಿಯಲ್ಲಿ ಬಡಿಸುವವಳು ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾಳೆ, ಆದರೆ ಅರೆಯುವವಳೇ ಇಲ್ಲ. ಬರಿಗೈಯಲ್ಲಿ ಏನು ಬಡಿಸುತ್ತಾಳೆ? ಒಂದೊಂದು ಬಳ್ಳಿಯಲ್ಲೂ ಒಂದೊಂದು ಕೆಲಸ ನಿಂತಿದ್ದರಿಂದ ಎರಡೂ ಸಿಹಿ. ಪಕ್ಕಪಕ್ಕದಲ್ಲಿ ಬೆಳೆದಾಗ ಜೇನು ಅತ್ತಿಂದಿತ್ತ ಓಡಾಡಿ ಹೂವಿಗೆ ಹೂವು ಕೂಡಿತು. ಮರುವರ್ಷದ ಬಳ್ಳಿಗೆ ಒಂದು ಕಡೆಯಿಂದ ಅರೆಯುವವಳು ಬಂದಳು, ಇನ್ನೊಂದು ಕಡೆಯಿಂದ ಬಡಿಸುವವಳು ಬಂದಳು. ಕಹಿಯಾಯಿತು.

ಎರಡು ಕೆಲಸವೂ ನಿಂತ ಬಳ್ಳಿ ಹೇಗಿರುತ್ತದೆ ಎಂದೂ ಯೋಚಿಸಿದೆ. ಅರೆಯುವವಳು ಇಲ್ಲದ ಮನೆಯಲ್ಲಿ ಬಡಿಸುವವಳು ಇದ್ದಾಳೋ ಇಲ್ಲವೋ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಅದು ಅತ್ತೆಯ ಬಳ್ಳಿಯ ಹಾಗೇ ಕಾಣುತ್ತದೆ, ನಮ್ಮದರ ಹಾಗಲ್ಲ. ಸಪ್ಪೆ ಎಲೆಯ ಏಳೆಂಟರಲ್ಲಿ ಅಂಥದ್ದೂ ಸೇರಿರಬಹುದು, ಯಾವುದೆಂದು ತಿಳಿಯದು. ಒಂದರ ಕೆಡುಕು ಇನ್ನೊಂದರ ಕೆಡುಕನ್ನು ಮುಚ್ಚಿಬಿಡುತ್ತದೆ ಎಂದರೆ, ಮುಚ್ಚುವುದರ ಕೆಲಸವೇ ಮೊದಲಿನದು. ಅರೆಯುವುದು ಮೊದಲು, ಬಡಿಸುವುದು ಆಮೇಲೆ. ಪುಟ್ಟಿ, ನಿನ್ನ ಬಾಣ ಇದೇ ಅಲ್ಲವೇನೇ?

ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಅಪ್ಪ ನನ್ನನ್ನು ಹುಣಸೂರಿಗೆ ಬಿಟ್ಟುಹೋದರು. ಮಳೆ ಹಿಡಿದಿತ್ತು. ಅತ್ತೆ ತಾವೇ ತಲೆಗೆ ಸ್ನಾನ ಮಾಡಿ ಬಿತ್ತಿದ ಬಳ್ಳಿ ಆಗ ಗೇಣುದ್ದ. ಹಿಂದಿನ ವರ್ಷ ಸಿಹಿ ಕಾಯಿ ಬಿಟ್ಟ ಬಳ್ಳಿಗಳ ಬೀಜವನ್ನೇ ಆರಿಸಿ ಹಾಕಿದ್ದರು. ಆ ಸಿಹಿ ಬಳ್ಳಿಗಳ ಹೂವೂ ಅಕ್ಕಪಕ್ಕದ್ದರ ಜೊತೆ ಕೂಡಿರುತ್ತದೆ, ಮತ್ತೆ ಕಹಿ ಬರುತ್ತದೆ ಎಂದು ನನಗೆ ಗೊತ್ತಿತ್ತು. ಕಹಿ ಬಂದರೆ ತಂಗಿಯ ಮದುವೆ ಮುರಿಯುತ್ತದೆ.

ನಿಮ್ಮ ತಾತನಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ತಲೆ ಕೆರೆದುಕೊಂಡರು. “ನಂಗ್ ಯೋಳುದ್ರೆ ಏನ್ ಬಂತು? ಅವ್ವಂಗ್ ಯೋಳು.” ಅತ್ತೆಯ ಎದುರು ನಿಂತೆ, ನನಗೆ ಬಾಯಿ ಬರಲಿಲ್ಲ. ಹೇಳುವುದಕ್ಕಿಂತ ಮಾಡಿ ತೋರಿಸುವುದೇ ಮೇಲು ಎಂದುಕೊಂಡು, ಅವರು ಹೊಲಕ್ಕೆ ಹೋದಾಗ ಪ್ರತಿ ಬಳ್ಳಿಯ ಎಲೆ ಜಗಿದು, ಸಪ್ಪೆ ಎಲೆಯವಕ್ಕೆ ಹಳೆಯ ಸೀರೆಯ ಕೆಂಪು ಅಂಚು ಹರಿದು ಕಟ್ಟಿದೆ. ಕೆಂಪು ಕಟ್ಟಿದ್ದರಲ್ಲಿ ಒಂದೂ ಕಹಿಯಾಗುವುದಿಲ್ಲ, ಕಟ್ಟದ್ದರಲ್ಲಿ ಬಹಳಷ್ಟು ಕಹಿಯಾಗುತ್ತವೆ ಎಂದು ನಿಮ್ಮ ತಾತನಿಗೆ ಹೇಳಿಟ್ಟೆ. ಅವರು ಹೋಗಿ ತಾಯಿಗೆ ಹೇಳಿದರು.

“ಎಂಜಲ್ ಮಾಡ್ಬುಟ್ಲಲ್ಲೋ ಬಳ್ಳೀನ!” ಎಂದು ಅತ್ತೆ ಎದೆ ಬಡಿದುಕೊಂಡರು. ಆದರೂ ಕಿತ್ತು ಹಾಕಲಿಲ್ಲ. ಅವರಿಗೂ ನೋಡುವ ಆಸೆ.

ಕಾಯಿ ಬಂತು. ಅತ್ತೆ ಕುಡುಗೋಲು ಹಿಡಿದು ಒಂದೊಂದು ಬಳ್ಳಿಯದನ್ನೂ ಕೊಯ್ದು ತಿಂದರು. ಕೆಂಪು ಕಟ್ಟಿದ್ದರಲ್ಲಿ ಒಂದೂ ಕಹಿಯಿರಲಿಲ್ಲ, ಕಟ್ಟದ್ದರಲ್ಲಿ ಬಹಳಷ್ಟು ಕಹಿ. ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಈಗ ಕರೆಯುತ್ತಾರೆ, ನನ್ನ ತಪ್ಪಿಲ್ಲ ಎನ್ನುತ್ತಾರೆ ಎಂದು ಕಾದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಮುಖ ಬಿಳಿಚಿಕೊಂಡಿತ್ತು. ಮರುದಿನವೇ ಪಿರಿಯಾಪಟ್ಟಣಕ್ಕೆ ಆಳು ಕಳಿಸಿ ತಮ್ಮ ತಂಗಿಯನ್ನು ಕರೆಸಿದರು. ಇಬ್ಬರೂ ಹಿತ್ತಿಲ ಕಲ್ಲಿನ ಮೇಲೆ ಕೂತು ಮಾತಾಡಿದ್ದು ನನಗೆ ಒಳಗೆ ಕೇಳುತ್ತಿತ್ತು.

“ಕಾಯಿ ಬುಡೋಕ್ ಮುಂಚೇನೇ ಗೊತ್ತಿತ್ತಾ ಅವಳ್ಗೆ?”

“ಊಂ ಕಣೆ. ಕೆಂಪ್ ದಾರ ಕಟ್ಟಿದ್ಲು. ಒಂದೂ ತಪ್ಪಿಲ್ಲ.”

“ಇನ್ನೇನ್ ಕೇಳ್ತೀಯಕ್ಕ. ಬಚ್ಚಿಟ್ಟೋರ್ಗಲ್ವಾ ಬಚ್ಚಿಟ್ಟ ಜಾಗ ಗೊತ್ತಿರಾದು? ಅವಳೇ ಮಾಡ್ಸವ್ಳೆ. ಮಾಟ ಕಣೆ ಇದು. ಈ ಸಂಬಂದ ಬ್ಯಾಡವೇ ಬ್ಯಾಡ.”

ಮೊದಲು ಗೊತ್ತಿಲ್ಲ ಎಂದದ್ದಕ್ಕೆ ತಪ್ಪು ನನ್ನದು. ಈಗ ಗೊತ್ತು ಎಂದದ್ದಕ್ಕೂ ತಪ್ಪು ನನ್ನದೇ. ಆ ಕ್ಷಣ ನನ್ನ ಮೈಯೆಲ್ಲ ಉರಿದುಹೋಯಿತು. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಹಿತ್ತಿಲಿಗೆ ಬಂದೆ. ನಿಮ್ಮ ತಾತ ಬಾವಿಕಟ್ಟೆಯಲ್ಲಿ ಎತ್ತಿನ ಮೈ ತೊಳೆಯುತ್ತಿದ್ದವರು ನನ್ನನ್ನು ನೋಡಿ ಹಾಗೇ ನಿಂತರು. ಬಾವಿಯ ಪಕ್ಕದಲ್ಲಿ ಅತ್ತೆ ತಡವಾಗಿ ಬಿತ್ತಿದ ಬಳ್ಳಿಗಳಿದ್ದವು, ಇನ್ನೂ ಹೂ ಬಿಟ್ಟಿರಲಿಲ್ಲ.

“ಚಿಕ್ಕತ್ತೆ, ಇದನ್ನ ನಾನು ಮುಟ್ಟಿಲ್ಲ. ಎಲೆ ಕಿತ್ತು ನೀವೇ ತಿನ್ನಿ. ಕಹಿ ಇಲ್ದೇ ಇರೋದಕ್ಕೆ ನೀವೇ ದಾರ ಕಟ್ಟಿ. ಕಾಯಿ ಬರೋಗಂಟ ನಾನು ಈ ಬಾವಿ ಕಡೆ ತಲೆ ಹಾಕಲ್ಲ. ನೀವು ಕಟ್ಟಿದ್ದರಲ್ಲಿ ಒಂದು ಕಾಯಿ ಕಹಿಯಾದ್ರೂ ನನ್ನ ತಂಗೀನ ಬಿಟ್ಟುಬಿಡಿ.”

ಅಷ್ಟು ಉದ್ದ ಮಾತು ಅವರ ಎದುರು ನಾನು ಆಡಿದ್ದು ಅದೇ ಮೊದಲು.

“ನಾನ್ಯಾಕ್ ತಿನ್ನಲಿ? ಎಲೇಲಿ ಏನ್ ಮಡಗಿದ್ದೀಯೋ,” ಎಂದರು ಚಿಕ್ಕತ್ತೆ.

“ಚಿಕ್ಕವ್ವ, ಮೇಕೆ ತಿಂದು ಬದುಕ್ತದೆ, ನೀನ್ ಬದುಕಲ್ವಾ? ತಿನ್ನವ್ವ,” ಎಂದರು ನಿಮ್ಮ ತಾತ.

ಬೈದುಕೊಂಡೇ ತಿಂದರು. ಮೂರನೆಯ ಎಲೆಗೇ ಅವರಿಗೆ ರುಚಿಯ ವ್ಯತ್ಯಾಸ ಹತ್ತಿತು. “ಇದು ಸಪ್ಪೆ ಕಣಕ್ಕ... ಇದು ಇಸ ಇದ್ದಂಗೈತೆ,” ಎಂದುಕೊಂಡು ತಮ್ಮ ಕೈಯಾರೆ ದಾರ ಕಟ್ಟಿದರು. ನಾನು ಮಾತಿನಂತೆ ಆ ಕಡೆ ಹೋಗಲಿಲ್ಲ. ನೀರಿಗೆ ಊರ ಬಾವಿಗೆ ನಡೆದೆ, ಒಂದು ತಿಂಗಳಿಗೂ ಹೆಚ್ಚು, ಮಗು ಒಂದು ಕಡೆ ಕೊಡ ಒಂದು ಕಡೆ.

ಕಾಯಿ ಬಿಟ್ಟಾಗ ಚಿಕ್ಕತ್ತೆ ಮತ್ತೆ ಬಂದರು. ತಾವು ದಾರ ಕಟ್ಟಿದ್ದ ಬಳ್ಳಿಗಳ ಕಾಯಿಯನ್ನೆಲ್ಲ ತಿಂದು ನೋಡಿದರು. ಒಂದೂ ಕಹಿಯಿರಲಿಲ್ಲ. ನಿಮ್ಮ ತಾತ ಗಟ್ಟಿಯಾಗಿ ಅಂದರು:

“ಈಗ ನೀನೂ ಮಾಟಗಾತಿ ಆದ್ಯಲ್ಲ ಚಿಕ್ಕವ್ವ!”

ಅತ್ತೆಗೆ ನಗು ತಡೆಯಲಾಗಲಿಲ್ಲ. ಚಿಕ್ಕತ್ತೆ ಮೊದಲು ಗುರ್ ಎಂದವರು ಆಮೇಲೆ ತಾವೂ ನಕ್ಕರು. ನಗುತ್ತಲೇ ತಾಂಬೂಲದ ದಿನ ಹೇಳಿದರು. ಮದುವೆ ನಡೆಯಿತು, ತಂಗಿ ಪಿರಿಯಾಪಟ್ಟಣ ಸೇರಿದಳು.

ಇಲ್ಲಿಗೆ ಸಂತೋಷವಾಗಿ ಮುಗಿಯಿತು ಎನ್ನುತ್ತೀರಿ. ನನಗೂ ತಂಗಿಯ ಮದುವೆ ಸಂತೋಷವೇ. ಆದರೆ ನಿನ್ನ ಮೇಲೆ ಸುಮ್ಮನೆ ತಪ್ಪು ಹೊರಿಸಿದೆವು ಎಂದು ಇಬ್ಬರಲ್ಲಿ ಒಬ್ಬರೂ ನನಗೆ ಹೇಳಲಿಲ್ಲ. ಒಂದು ದಿನ ಧೈರ್ಯ ಮಾಡಿ, ನಮ್ಮ ಬೀಜದಲ್ಲೂ ದೋಷವಿಲ್ಲ ನಿಮ್ಮ ಬೀಜದಲ್ಲೂ ದೋಷವಿಲ್ಲ ಅತ್ತೆ, ಎರಡೂ ಕೂಡಿದರೆ ಮಾತ್ರ ಕಹಿ, ಎರಡೂ ತವರಿನಿಂದ ಹೊಸ ಬೀಜ ತರಿಸಿ ಬೇರೆ ಬೇರೆ ಜಾಗದಲ್ಲಿ ಹಾಕೋಣ ಎಂದೆ. “ನನ್ ಬೀಜಕ್ಕೆ ನೀನ್ ಎಸ್ರು ಇಡಬ್ಯಾಡ,” ಎಂದರು. ಬೇರೆ ಜಾಗದಲ್ಲಿ ಹಾಕಿದ್ದೂ ಹೌದು, ತಾವೇ ಯೋಚಿಸಿದವರ ಹಾಗೆ. ಹೊರಗಾದ ಮೂರು ದಿನ ಬಳ್ಳಿ ಮುಟ್ಟಬಾರದು ಎಂಬ ಕಟ್ಟಳೆ ಅವರು ಸಾಯುವವರೆಗೂ ಹಾಗೇ ಇತ್ತು. ಕಹಿ ಎಲ್ಲಿಂದ ಬಂತೆಂದು ಗೊತ್ತಾದ ಮೇಲೂ ಇತ್ತು!

ಚಿಕ್ಕತ್ತೆಯಂತೂ ಎಲೆ ತಿಂದು ಕಾಯಿ ಹೇಳುವ ನಾಲಿಗೆ ತಮ್ಮ ತವರಿನದೆಂದು ಪಿರಿಯಾಪಟ್ಟಣದ ಸುತ್ತಮುತ್ತ ಹೇಳಿಕೊಂಡು ಬಂದರು. ಊರಿಗೆ ಬರುತ್ತಿದ್ದ ಗ್ರಾಮಸೇವಕರು ಅವರನ್ನು ಹತ್ತು ಜನರ ಎದುರು ಹೊಗಳಿದರಂತೆ. ನನ್ನ ತಂಗಿ ಆ ಮನೆಗೆ ಹೋದ ಮೊದಲ ಮಳೆಗಾಲ ಅವಳನ್ನು ಹಿತ್ತಿಲಿಗೆ ಕರೆದೊಯ್ದು, “ನೋಡಮ್ಮಿ, ನಿಂಗಿದೆಲ್ಲ ಗೊತ್ತಿರಲ್ಲ, ಕಲ್ತ್ಕೊ,” ಎಂದು ಎಲೆ ಜಗಿಯುವುದನ್ನು ಕಲಿಸಿದರಂತೆ. ಅವಳು ತಲೆ ತಗ್ಗಿಸಿ ಹೂಂಗುಟ್ಟಿದಳು. ಗೌರಿ ಹಬ್ಬಕ್ಕೆ ಬಂದಾಗ ನನಗೆ ಹೇಳಿ, “ನೀನು ಕಂಡುಹಿಡಿದದ್ದು ಅಂತ ಯೋಳ್ಲಾ ಅಕ್ಕ?” ಎಂದು ಕೇಳಿದಳು. ಬೇಡ, ನಿನ್ನ ಬಾಳು ನೆಟ್ಟಗಿದ್ದರೆ ಸಾಕು ಎಂದೆ. ಹಾಗೆಂದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟಿದೆ. ತಂಗಿ ಹೋಗಿ ಆರು ವರ್ಷವಾಯಿತು. ಕೊಟ್ಟಿಗೆಯ ಹಿಂದೆ ನನ್ನ ಜೊತೆ ಕೂತು ಎಲೆ ಜಗಿದವಳು ಅವಳೊಬ್ಬಳೇ. ಈಗ ಇದಕ್ಕೆ ಸಾಕ್ಷಿ ಎಂದರೆ ನಾನು ಬರೆದ ಇಷ್ಟು ಮಾತ್ರ.

ಅದಕ್ಕೇ ಕೇಳುತ್ತೇನೆ. ನಾನು ಹೋದ ಮೇಲೆ ನನ್ನ ಟ್ರಂಕು ಖಾಲಿ ಮಾಡುವಾಗ ಸೀರೆಗಳನ್ನು ಯಾರಿಗೆ ಬೇಕಾದರೂ ಕೊಡಿ. ಈ ಹಾಳೆಗಳನ್ನು ಮಾತ್ರ ಹಳೆಯ ಪೇಪರಿನ ಜೊತೆ ಕಟ್ಟಿ ಹಾಕಬೇಡಿ. ಗೆದ್ದಲು ಹತ್ತದ ಕಡೆ, ಮಳೆ ನೀರು ಸೋರದ ಕಡೆ ಇಡಿ. ಇಬ್ಬರಲ್ಲಿ ಯಾರ ಹತ್ತಿರ ಇದ್ದರೂ ಸರಿ, ಇರಲಿ.